ಹಳೆಯ ಜೀಪು, ಹಳೆಯ ಶಾಸನ

ನನ್ನ ತಮ್ಮ ಹಳೆಯ ಜೀಪೊಂದನ್ನು ಕೊಳ್ಳುತ್ತೇನೆಂದು ಹೊರಟಾಗ ಎಲ್ಲರಿಗಿಂತ ಮೊದಲು ಬೇಡವೆಂದವಳು ನಾನು. ಅವನಿಗೆ ಅದು ಬೇಕಾಗಿದ್ದುದು ತಿರುಗಾಟಕ್ಕಲ್ಲ. ಸುಗ್ಗಿಯಲ್ಲಿ ಭತ್ತ, ಮೆಕ್ಕೆಜೋಳದ ಚೀಲ ತುಂಬಿದ ಟ್ರೈಲರನ್ನು ಎಳೆಯಲು, ಬೇಸಿಗೆಯಲ್ಲಿ ನೀರಿನ ಟ್ಯಾಂಕನ್ನು ತೋಟಕ್ಕೆ ಮುಟ್ಟಿಸಲು. ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತು ದಿನದ ಕೆಲಸ. ಅಷ್ಟಕ್ಕೆ ಟ್ರ್ಯಾಕ್ಟರಿನ ಸಾಲ ಏಕೆ ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನ ಅಂಜಿಕೆಯ ಕಾರಣವೇ ಬೇರೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದುಡಿದು ಪಳಗಿದ್ದನ್ನು ಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಅಜ್ಜನ ಕಾಲದಲ್ಲಿ ಎಳೆಯುವುದೆಂದರೆ ಎತ್ತು. ಮೈಸೂರು ಸೀಮೆಗೆ ಎತ್ತಿನ ಇತಿಹಾಸವೇ ಒಂದು ಹೆಮ್ಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದು ಸೈನ್ಯದ ತೋಪುಗಳನ್ನು ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಆ ದನಗಳನ್ನೂ ವಶಪಡಿಸಿಕೊಂಡರು. ಅಜ್ಜಂಪುರದಲ್ಲಿ ಆ ತಳಿಯ ಕೇಂದ್ರ ಇಂದಿಗೂ ಇದೆ. ಹೋರಿಗಳ ಹರಾಜೂ ನಡೆಯುತ್ತದೆ.

ದನದ ಜಾತ್ರೆಯಲ್ಲಿ ಅಜ್ಜ ಎತ್ತು ಕೊಳ್ಳುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಬಾಯಿ ಬಿಡಿಸಿ ಹಲ್ಲು ಎಣಿಸುವರು. ಸುಳಿ ನೋಡುವರು. ಹೆಗಲ ಮೇಲೆ ಕೈಯಾಡಿಸಿ ನೊಗದ ಹುಣ್ಣು ಉಂಟೇ ಎಂದು ತಡಕುವರು. ಕೊನೆಗೆ ಗಾಡಿ ಹೂಡಿ, ಏರಿನಲ್ಲಿ ಎಳೆಸಿ, ಇಳಿಜಾರಿನಲ್ಲಿ ತಡೆಯುತ್ತದೆಯೇ ಎಂದು ಪರೀಕ್ಷಿಸುವರು. "ಎಳೆಯೋದು ದೊಡ್ಡದಲ್ಲ, ತಡೆಯೋದು ದೊಡ್ಡದು" ಎನ್ನುವರು. ದರ ಮಾತ್ರ ಟವೆಲ್ಲಿನ ಅಡಿಯಲ್ಲಿ, ಬೆರಳು ಹಿಡಿದು. ಕಾಗದವಿಲ್ಲ, ರಸೀದಿಯಿಲ್ಲ. ಹಗ್ಗ ಕೈಗೆ ಬಂದರೆ ಎತ್ತು ನಮ್ಮದು.

ಎರಡನೆಯ ಮಹಾಯುದ್ಧ ಮುಗಿದಾಗ ಈ ದೇಶದಲ್ಲಿ ಉಳಿದ ಸೇನೆಯ ಲಾರಿ, ಜೀಪುಗಳು ಹರಾಜಿಗೆ ಬಂದವು. ಜೀಪು ಅಮೆರಿಕದ ಸೇನೆಗಾಗಿ ಹುಟ್ಟಿದ್ದು. 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದುವು. ನಾವು ಇದನ್ನು ಸವಾರಿಯ ಗಾಡಿಯೆಂದು ತಿಳಿದರೂ ಆ ಸೇನೆಯ ಕಾಗದದಲ್ಲಿ ಇದಕ್ಕೆ ಕಾಲು ಟನ್ನಿನ ಟ್ರಕ್ಕು ಎಂದೇ ಹೆಸರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಕೆಸರಿಗೆ ಬೇರೆ ಗೇರು, ಬೆನ್ನಿಗೆ ಕೊಕ್ಕೆ. ಯುದ್ಧದಲ್ಲಿ ಸಣ್ಣ ತೋಪು ಎಳೆದದ್ದು ಮಲೆನಾಡಿನಲ್ಲಿ ಅಡಿಕೆ ಮೂಟೆ ಎಳೆಯಿತು. ಸ್ವಾತಂತ್ರ್ಯದ ನಂತರ ಮಹೀಂದ್ರಾದವರು ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ ಜೀಪು ನಮ್ಮದೇ ಆಯಿತು. ಮೊದಲ ಯಜಮಾನ ಸರ್ಕಾರಿ ಇಲಾಖೆ, ಎರಡನೆಯವನು ಗುತ್ತಿಗೆದಾರ, ಮೂರನೆಯವನು ರೈತ. ಹೀಗೆ ಕೈಯಿಂದ ಕೈಗೆ ಬರುವುದು ಅದರ ವಾಡಿಕೆ.

ನಮ್ಮ ಅಪ್ಪಯ್ಯನೂ ಅಂಥದ್ದೊಂದನ್ನು ಕೊಂಡಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅದನ್ನು ಪರಿಚಯದವರೊಬ್ಬರಿಗೆ ಮಾರಿದರು. ಎತ್ತು ಮಾರಿದ ಹಾಗೆಯೇ ಮಾರಿದರು. ಹಣ ಎಣಿಸಿಕೊಂಡು, ಕೀಲಿಕೈ ಕೊಟ್ಟು, ಕಾಫಿ ಕುಡಿಸಿ ಕಳಿಸಿದರು. ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಯಿಸುವುದು "ಆಮೇಲೆ ನೋಡೋಣ" ಎಂದಾಯಿತು. ಕೊಂಡವರು ಇನ್ನೊಬ್ಬರಿಗೆ ಮಾರಿದರು. ಎರಡು ವರ್ಷ ಕಳೆದು ಒಂದು ಸಂಜೆ, ಆ ಜೀಪು ಎಳೆಯುತ್ತಿದ್ದ ಟ್ರೈಲರಿನ ಪಿನ್ನು ಇಳಿಜಾರಿನಲ್ಲಿ ಕಳಚಿತು. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಕೂಲಿಯಾಳು ಕಾಲು ಕಳೆದುಕೊಂಡ. ವಿಮೆಯ ಅವಧಿ ತೀರಿತ್ತು. ನೋಟೀಸು ಬಂದದ್ದು ನಮ್ಮ ಮನೆಗೆ.

ಅಪ್ಪಯ್ಯ ನಾಲ್ಕು ವರ್ಷ ಕೋರ್ಟಿಗೆ ಅಲೆದರು. "ಗಾಡಿ ನನ್ನದಲ್ಲ" ಎನ್ನುವ ಮಾತು ನಿಜವೇ, ಆದರೆ ಪುಸ್ತಕ ಹಾಗೆ ಹೇಳುತ್ತಿರಲಿಲ್ಲ. ಎರಡು ವರ್ಷದ ಅಡಿಕೆಯ ಹಣ ಪರಿಹಾರಕ್ಕೆ ಹೋಯಿತು. ಅಮ್ಮ ಕಾನೂನನ್ನು ಬೈದಳು. ಅಪ್ಪಯ್ಯ ಮಾತ್ರ ಒಂದು ದಿನ, "ಅವನು ಪಾಪ, ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು? ಬರೆದ ಹೆಸರು ನನ್ನದೇ ಇತ್ತಲ್ಲ" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥದೇ, ಹಲವು ಕೈ ದಾಟಿದ್ದ ವಾಹನವೊಂದರ ವಿಷಯದಲ್ಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ತೀರ್ಪಿತ್ತಾಗ ನನಗೆ ಅಪ್ಪಯ್ಯನೇ ನೆನಪಾದರು. ಗಾಯಗೊಂಡವನು ಮಾಲೀಕರ ಬೆನ್ನು ಹತ್ತಿ ಊರೂರು ಅಲೆಯಬಾರದು ಎಂಬುದೇ ಅದರ ತಿರುಳು.

ಹೆಸರು ಬರೆಸುವ ಮಹತ್ವವನ್ನು ತಾಳಗುಂದದವರಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಪ್ರಣವೇಶ್ವರ ದೇವಾಲಯದ ಎದುರಿನ ಕಂಬ ನಮ್ಮ ಊರಿನಲ್ಲೇ ಇದೆ. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದ ಕಥೆಯನ್ನು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ಕಂಬ ನಿಲ್ಲಿಸಿದ್ದು ಆ ಜಗಳಕ್ಕಾಗಿ ಅಲ್ಲ, ಒಂದು ಕೆರೆಗಾಗಿ. ಕೆರೆ ಕಟ್ಟಿಸಿದವನು ಕಾಕುಸ್ಥವರ್ಮ. ಶಾಸನವಾದದ್ದು ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಸುಮಾರು ಕ್ರಿ.ಶ. 450ರಲ್ಲಿ. ಕಟ್ಟಿಸಿದವರು ಯಾರು, ಬರೆಸಿದವರು ಯಾರು ಎಂಬುದಷ್ಟೇ ಅಲ್ಲ, ಕವಿ ಕುಬ್ಜ ತಾನೇ ಕಲ್ಲಿನ ಮೇಲೆ ಬರೆದೆನೆಂದು ತನ್ನ ಹೆಸರನ್ನೂ ಸೇರಿಸಿದ್ದಾನೆ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಇದು ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ. ಕಂಬಕ್ಕೂ ಒಂದು ನಂಬರು ಇದೆ ಎಂದರೆ ಮಕ್ಕಳು ನಗುತ್ತಾರೆ.

ಇದನ್ನೆಲ್ಲ ಹೇಳಿದ ಮೇಲೆ ತಮ್ಮ, "ಅಕ್ಕ, ಹಾಗಾದರೆ ನೀನೇ ಬಂದು ನೋಡು" ಎಂದ. ಹೋದೆ. ಮೆಕ್ಯಾನಿಕ್ಕು ಅಜ್ಜನಂತೆಯೇ ಪರೀಕ್ಷೆ ಮಾಡಿದ. ಅಡಿಗೆ ನುಗ್ಗಿ ಛಾಸಿಗೆ ತುಕ್ಕು ಹಿಡಿದಿದೆಯೇ, ಬೆಸುಗೆ ಹಾಕಿದ್ದಾರೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಿದ. ಕೊಕ್ಕೆ ಬಂಪರಿಗಲ್ಲ, ಛಾಸಿಗೇ ಬೋಲ್ಟಾಗಿರಬೇಕು ಎಂದ. ಟ್ರೈಲರ್ ಕಟ್ಟಿ ಏರು ಹತ್ತಿಸಿ ಕ್ಲಚ್ಚು ಜಾರುತ್ತದೆಯೇ ನೋಡಿದ. ಆಮೇಲೆ ಇಳಿಜಾರು, ಬ್ರೇಕು. ಹಿಂದಿನ ಭಾರ ಗಾಡಿಯನ್ನು ನೂಕುವುದು ಅಲ್ಲೇ.

ನಾನು ಪುಸ್ತಕ ನೋಡಿದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದರು; ಪುಸ್ತಕದಲ್ಲಿ ಹಳೆಯ ನಂಬರೇ ಇತ್ತು. ಹದಿನೈದು ವರ್ಷದ ನೋಂದಣಿ ಮುಗಿದಿದ್ದು ನವೀಕರಣವೂ ಆಗಿರಲಿಲ್ಲ. ಮಾರುವವರು, "ಟೀಚರೇ, ಹಳ್ಳಿಯೊಳಗೆ ಓಡಿಸೋಕೆ ಇದೆಲ್ಲ ಯಾರು ಕೇಳ್ತಾರೆ?" ಎಂದರು. ಕೇಳುವವರು ಯಾರೆಂದು ನನಗೆ ಗೊತ್ತಿತ್ತು. ಇವೆರಡೂ ಸರಿಯಾಗುವವರೆಗೆ ಮುಂಗಡವನ್ನೂ ಕೊಡಬೇಡವೆಂದೆ. ಎರಡು ತಿಂಗಳು ಹಿಡಿಯಿತು. ಆಮೇಲೆ 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರ ಸಹಿಯಾಯಿತು. ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕೆಂದು 1988ರ ಕಾಯಿದೆ ಹೇಳುತ್ತದೆ. ಆ ಕಾಯಿದೆಯಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೂ ಬೇರೆ ನೋಂದಣಿ ಮಾಡಿಸಿದ್ದಾಯಿತು.

ಹೆಸರು ಬದಲಾದ ಆರ್‌ಸಿ ಬಂದ ದಿನ ತಮ್ಮ ಅದನ್ನು ಅಪ್ಪಯ್ಯನ ಫೋಟೋದ ಕೆಳಗಿಟ್ಟ. ಇಬ್ಬರೂ ಏನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಸಲ ಟ್ರೈಲರ್ ಕಟ್ಟಿದಾಗ ನಾನು ಶಾಲೆಗೆ ಹೊರಟಿದ್ದೆ. ಅವನು ಪಿನ್ನು ಹಾಕಿ, ಅದರ ತೂತಿಗೆ ಕೀಲು ಸೇರಿಸಿ, ಮೇಲೊಂದು ಸರಪಳಿಯನ್ನೂ ಬಿಗಿದ. ನಾನು ನಿಂತು, ಸರಪಳಿಯನ್ನು ಒಮ್ಮೆ ಜಗ್ಗಿ ನೋಡಿ, ಹೊರಟೆ.