ಯಂತ್ರನಾದದಲ್ಲಿ ಶ್ರುತಿಯೂ ಲಯವೂ: ಒಂದು ಜಪಾನೀ ಧ್ವನಿಮುದ್ರಿಕೆಯ ಪೂರ್ವೋತ್ತರ

ಬೆಂಗಳೂರಿನ ಉತ್ತರಕ್ಕೆ, ಹಿಂದೆ ನಾಡಪ್ರಭುಗಳ ನೆಲೆಯಾಗಿದ್ದ ಯಲಹಂಕದ ಆಚೆ, ಎಂಬೆಸಿ ಕುದುರೆಸವಾರಿ ಶಾಲೆಯ ಬಯಲಿನಲ್ಲಿ 2016ರಲ್ಲಿ ‘ಎಕೋಸ್ ಆಫ್ ಅರ್ತ್’ ಎಂಬ ಸಂಗೀತೋತ್ಸವವು ಆರಂಭವಾಯಿತು. ಅಲ್ಲಿ ತರುಣರು ಹೆಜ್ಜೆ ಹಾಕುವುದು ಬಹುಮಟ್ಟಿಗೆ ವಿದ್ಯುದ್ಯಂತ್ರಗಳ ಲಯಕ್ಕೆ. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ಮೀಟುವ ತಂತಿಯಿಲ್ಲದೆ, ಬಡಿಯುವ ಚರ್ಮವಿಲ್ಲದೆ, ಲೋಹದ ಆಘಾತವಿಲ್ಲದೆ, ಊದುವ ಉಸಿರಿಲ್ಲದೆ ಹುಟ್ಟುವ ಈ ನಾದವು ಆ ನಾಲ್ಕರಲ್ಲಿ ಯಾವುದಕ್ಕೂ ಸೇರತಕ್ಕುದಲ್ಲ. ಈ ಐದನೆಯ ಬಗೆಯ ವಂಶವೃಕ್ಷದಲ್ಲಿ ದಕ್ಷಿಣಭಾರತಕ್ಕೂ ಒಂದು ಕೊಂಬೆಯುಂಟೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1978ನೆಯ ನವೆಂಬರ್ 25ರಂದು ಟೋಕಿಯೋ ನಗರದ ಆಲ್ಫಾ ಸಂಸ್ಥೆಯು ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ಎಂಬ ಮೇಳದ ಅದೇ ಹೆಸರಿನ ಮೊದಲನೆಯ ಧ್ವನಿಮುದ್ರಿಕೆಯನ್ನು ಹೊರತಂದಿತು. ಹರುಓಮಿ ಹೊಸೊನೊ, ರ್ಯೂಇಚಿ ಸಕಾಮೊಟೊ, ಯುಕಿಹಿರೊ ತಕಾಹಾಶಿ ಎಂಬ ಮೂವರು ಇದರ ಕರ್ತೃಗಳು. ಬಿಳಿಯ ಮಾಟ, ಕರಿಯ ಮಾಟಗಳೆಂಬ ಪಾಶ್ಚಾತ್ಯರ ಭೇದಕ್ಕೆ ಪ್ರತಿಯಾಗಿ ಹಳದಿಯ ಮಾಟವೆಂದು ಹೊಸೊನೊ ತನ್ನ ಮೇಳಕ್ಕೆ ಹೆಸರಿಟ್ಟುದರಲ್ಲಿ ವಿನೋದವೂ ಉಂಟು, ಸ್ವಾಭಿಮಾನವೂ ಉಂಟು. ಅಮೆರಿಕದ ಮಾರ್ಟಿನ್ ಡೆನಿ ಎಂಬವನು 1959ರಲ್ಲಿ ಪೂರ್ವದೇಶಗಳನ್ನು ಕಲ್ಪಿಸಿಕೊಂಡು ಬಾರಿಸಿದ ‘ಫೈರ್‌ಕ್ರ್ಯಾಕರ್’ ಎಂಬ ರಚನೆಯನ್ನು ಪೂರ್ವದವರೇ ಎತ್ತಿಕೊಂಡು, ಡಿಸ್ಕೋ ನೃತ್ಯದ ನಡೆಗೆ ಅಳವಡಿಸಿ ಪಶ್ಚಿಮಕ್ಕೆ ಮರಳಿಸಿದುದು ಈ ಮುದ್ರಿಕೆಯ ಮುಖ್ಯ ಸಾಹಸ. ಇದಕ್ಕೆ ಸಾಧನವಾದುದು ರೋಲಂಡ್ ಸಂಸ್ಥೆಯು 1977ರಲ್ಲಿ ತಂದ ಎಂ.ಸಿ.-8 ಎಂಬ ಯಂತ್ರ. ಸ್ವರದ ಎತ್ತರವನ್ನೂ ಕಾಲಪ್ರಮಾಣವನ್ನೂ ಅಂಕಿಗಳಾಗಿ ಒತ್ತಿ ತುಂಬಿದರೆ ಅದು ಸಿಂಥೆಸೈಸರನ್ನು ತಪ್ಪದೆ ನುಡಿಸುವುದು. ಹಾಗೆ ಅಂಕಿಗಳನ್ನು ತುಂಬಿದವನು ಹಿದೆಕಿ ಮತ್ಸುತಾಕೆ. ತಕಾಹಾಶಿಯಾದರೋ ಮನುಷ್ಯನೇ ಆಗಿ, ಯಂತ್ರದ ಕಾಲಕ್ಕೆ ತನ್ನ ಕೈಯನ್ನು ಒಪ್ಪಿಸಿ ಡ್ರಮ್ಮು ಬಾರಿಸಿದನು. ಇಲ್ಲಿ ಲಯದ ಒಡೆತನವು ಯಂತ್ರದ್ದು. ಆಳು ಅದನ್ನು ಅನುಸರಿಸತಕ್ಕವನು.

ಇದಕ್ಕೆ ಎರಡು ತಿಂಗಳು ಮೊದಲು, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೊಸೊನೊವಿನ ‘ಕೊಚ್ಚಿನ್ ಮೂನ್’ ಎಂಬ ಮುದ್ರಿಕೆಯು ಪ್ರಕಟವಾಗಿತ್ತು. ಚಿತ್ರಕಾರ ತದಾನೊರಿ ಯೊಕೂವಿನೊಡನೆ ಆತನು ಭಾರತದಲ್ಲಿ ಕೈಕೊಂಡ ಯಾತ್ರೆಯ ಫಲವಿದು. ಇಲ್ಲದ ಚಲಚ್ಚಿತ್ರವೊಂದಕ್ಕೆ ಕಟ್ಟಿದ ಸಂಗೀತ. ಅದರ ಭಾಗಗಳ ಹೆಸರುಗಳಲ್ಲಿ ಮಲಬಾರಿನ ಹೋಟೆಲೂ ಮದ್ರಾಸಿನ ರಾಯಭಾರಿಣಿಯೂ ಕಾಮಾಲೆಯ ರೋಗವೂ ಬರುತ್ತವೆ. ಸಕಾಮೊಟೊ, ಮತ್ಸುತಾಕೆಗಳಿಬ್ಬರೂ ಇದರಲ್ಲಿ ಪಾಲುಗೊಂಡಿದ್ದುದರಿಂದ ನವೆಂಬರಿನ ಮುದ್ರಿಕೆಗೆ ಇದು ಪೂರ್ವಪೀಠಿಕೆಯೆಂದು ಹೇಳಬಹುದು. ಹಾಗೆಂದು ಇದರಲ್ಲಿ ನಮ್ಮ ರಾಗಪದ್ಧತಿಯನ್ನು ಹುಡುಕಹೊರಡುವುದು ಅಭಿಮಾನದ ಅತಿರೇಕವಾದೀತು. ಯಾತ್ರಿಕನೊಬ್ಬನ ಕಿವಿಗೆ ಬಿದ್ದ ನಾಡು ಇಲ್ಲಿದೆ, ಶಾಸ್ತ್ರವಿಲ್ಲ.

ಮರುವರ್ಷ, 1979ರಲ್ಲಿ, ಬೆಂಗಳೂರಿನಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಈ ಊರಿಗೆ ವಿದ್ಯುನ್ಮಾನವಿದ್ಯೆಯು ಹೊಸತಾಗಿರಲಿಲ್ಲ. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಯಶವಂತಪುರದ ಆಚೆ ಜಾಲಹಳ್ಳಿಯಲ್ಲಿ ಬೆಳೆದು ನಿಂತಿತ್ತು. ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್‌ನಾರಾಯಣ್ ಅವರು ಅದೇ ವಿದ್ಯೆಯನ್ನು ಹಿಡಿದು ತಂಬೂರಿಯ ನಾದವನ್ನು ಒಂದು ಪೆಟ್ಟಿಗೆಯೊಳಗೆ ತಂದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಯಂತ್ರಗಳು ಮುಂದೆ ಸಭೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಸರ್ವಸಾಮಾನ್ಯವಾದುವು. ಶ್ರುತಿಯು ತಾಯಿ, ಲಯವು ತಂದೆ ಎಂದು ನಮ್ಮವರು ವಾಡಿಕೆಯಾಗಿ ಹೇಳುವರು. ಟೋಕಿಯೋದವರು ಯಂತ್ರಕ್ಕೆ ಮೊದಲು ತಂದೆಯ ಅಧಿಕಾರವನ್ನು ಕೊಟ್ಟರು. ಬೆಂಗಳೂರು ತಾಯಿಯ ಸ್ಥಾನವನ್ನು ಕೊಟ್ಟಿತು. ತಾಳದ ಯಂತ್ರಗಳು ಇಲ್ಲಿಯೂ ಬಂದುವೆಂಬುದು ನಿಜ. ಅವು ಅಭ್ಯಾಸದ ಕೊಠಡಿಯನ್ನು ಹೊಕ್ಕವೇ ಹೊರತು ಕಚೇರಿಯಲ್ಲಿ ಮೃದಂಗವನ್ನು ಎಬ್ಬಿಸಲಿಲ್ಲ. ಮನೋಧರ್ಮವನ್ನು ಕಂಡು ಉತ್ತರಕೊಡಬೇಕಾದ ಲಯವನ್ನು ಅಂಕಿಗಳಿಗೆ ಬಿಡುವುದು ನಮ್ಮ ವಿದ್ವಾಂಸರಿಗೆ ಒಪ್ಪಿಗೆಯಾಗದೆಹೋದುದು ಸಹಜವೇ.

ಎರಡನ್ನೂ ಕೂಡಿಸಿದವರು ಮುಂಬಯಿಯ ಚರಣಜಿತ್ ಸಿಂಗರು. 1982ರಲ್ಲಿ ಅವರು ರೋಲಂಡ್ ಯಂತ್ರಗಳ ಡಿಸ್ಕೋ ನಡೆಯ ಮೇಲೆ ಹತ್ತು ರಾಗಗಳನ್ನು ನುಡಿಸಿದರು. ನಮ್ಮ ಮೋಹನಕ್ಕೆ ಸಮಾನವಾದ ಭೂಪಾಲಿಯೂ ಹಿಂದೋಳಕ್ಕೆ ಸಮಾನವಾದ ಮಾಲಕೌಂಸವೂ ಅವುಗಳಲ್ಲಿವೆ. ಆಗ ಕೇಳುವವರಿಲ್ಲದೆ ಮೂಲೆಗೆ ಬಿದ್ದ ಈ ಮುದ್ರಿಕೆಯು 2010ರಲ್ಲಿ ಪುನಃ ಪ್ರಕಟವಾದ ಮೇಲೆ ಲೋಕವಿಖ್ಯಾತವಾಯಿತು.

ಇನ್ನೊಂದು ವೈಚಿತ್ರ್ಯವನ್ನು ಹೇಳದೆ ಬಿಡಲಾಗದು. ಜಪಾನಿನ ಮೇಳವು ದೇಶಾಂತರಗಳಿಗೆ ಹೊರಟಾಗ ಬೀರುವಿನಷ್ಟು ದೊಡ್ಡದಾದ ಸಿಂಥೆಸೈಸರಿನೊಡನೆ ಮತ್ಸುತಾಕೆಯೂ ರಂಗದ ಮೇಲೆ ನಿಂತನು. ಅವನನ್ನು ನಾಲ್ಕನೆಯ ಸದಸ್ಯನೆಂದೇ ಕರೆದರು. ಅಂದರೆ ಲಯವನ್ನು ಕಸಿದುಕೊಂಡ ಯಂತ್ರವು ಅಲ್ಲಿ ಒಬ್ಬ ಮನುಷ್ಯನನ್ನು ಹೆಚ್ಚಿಗೆ ತಂದಿತು. ಇಲ್ಲಿ ಕೇವಲ ಸೇವೆಗೆ ಬಂದ ಪೆಟ್ಟಿಗೆಯು ಗಾಯಕನ ಬೆನ್ನ ಹಿಂದೆ ತಂಬೂರಿಯನ್ನು ಹಿಡಿದು ಕುಳಿತಿರುತ್ತಿದ್ದ ಶಿಷ್ಯನನ್ನು ಅನೇಕ ವೇದಿಕೆಗಳಿಂದ ಇಳಿಸಿತು. ಆ ಶಿಷ್ಯನು ಎರಡು ಗಂಟೆಗಳ ಕಾಲ ನಾಲ್ಕು ತಂತಿಗಳನ್ನಲ್ಲದೆ ಬೇರೇನನ್ನೂ ಮುಟ್ಟದೆ, ಗುರುವಿನ ಆಲಾಪನೆಯನ್ನು ಅಷ್ಟು ಸಮೀಪದಿಂದ ಕೇಳುತ್ತಿದ್ದನು.