ಮುರಕಲ್ಲ ಬಾವಿ, ಪಿಲ್ಸೆನ್ ಬಿಯರು

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬೆಳ್ತಂಗಡಿ, ಮೂಡಬಿದ್ರೆ ಕಡೆ ಸುತ್ತಿದ್ದ. ನಮ್ಮ ಮುರಕಲ್ಲಿಗೆ ‘ಲ್ಯಾಟರೈಟ್’ ಅಂತ ಹೆಸರಿಟ್ಟವನೂ ಇವನೇ. ಮಳೆ ಈ ಕಲ್ಲಿನ ಸುಣ್ಣದಂಶವನ್ನೆಲ್ಲ ತೊಳೆದು ಹಾಕಿದೆ, ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಹಾಗಾಗಿ ಬಂಟ್ವಾಳದ ಮುರಕಲ್ಲ ಬಾವಿಯ ನೀರು ಮೆದು, ಸೋಪು ಹಾಕಿದ್ರೆ ನೊರೆಯೋ ನೊರೆ!

ಬಿಯರ್‌ಗೆ ಇದು ಸಣ್ಣ ವಿಷಯ ಅಲ್ಲ. ಇಂಗ್ಲೆಂಡಿನ ಬರ್ಟನ್‌ನ ಜಿಪ್ಸಮ್ ತುಂಬಿದ ಗಡಸು ನೀರು ಕಹಿ ಪೇಲ್ ಏಲ್‌ಗೆ ಹೇಳಿಮಾಡಿಸಿದ್ದು. 1842ರಲ್ಲಿ ಹೊಂಬಣ್ಣದ ಲಾಗರ್ ಹುಟ್ಟಿದ್ದು ಪಿಲ್ಸೆನ್‌ನ ಮೆದು ನೀರಲ್ಲಿ. ನಮ್ಮ ಬಾವಿ ಪಿಲ್ಸೆನ್ ಪಕ್ಷ.

ಆದ್ರೆ ನಮ್ಮ ಹಳೇ ರೂಢಿ ಕಳ್ಳಿನದು. ಅದಕ್ಕೆ ಬಾವಿ ನೀರೇ ಬೇಡ. ಮರ ಬೇರಿಂದ ಹೀರಿದ್ದನ್ನೇ ಮೂರ್ತೆದಾರರು ಇಳಿಸ್ತಾರೆ.

ಈಗ ಎಲ್ಲೆಲ್ಲೂ ಬೋರ್‌ವೆಲ್. ಅದು ಮುರಕಲ್ಲು ದಾಟಿ ಕೆಳಗಿನ ಗಟ್ಟಿ ಬಂಡೆಯ ನೀರು ಎತ್ತುತ್ತೆ, ಲವಣ ಬೇರೆ, ರುಚಿಯೂ ಬೇರೆ. ಇಲ್ಲಿ ಬಿಯರ್ ಮಾಡೋಕೆ ಹೊರಟವರು ಮೊದಲು ಕೇಳಬೇಕಾದ್ದು: ನೀರು ಬಾವಿದಾ, ಬೋರಿಂದಾ?