ನೀರಿನ ಎಂಜಿನಿಯರ್ ದಿವಾನರಾದಾಗ

ಸೂಡಿಯಿಂದ ಮಾತಾಡ್ತಿದ್ದೀನಿ. ಬ್ರಿಟಿಷರ ಕಾಲದಲ್ಲಿ ನಮ್ಮೂರು ಮೈಸೂರಿನದಲ್ಲ, ಮುಂಬೈ ಪ್ರಾಂತದ್ದು. ಅದೇ ಮುಂಬೈ ಸರ್ಕಾರದಲ್ಲಿ 1884ರಲ್ಲಿ ಎಂಜಿನಿಯರ್ ಆಗಿ ಸೇರಿದವರು ಎಂ. ವಿಶ್ವೇಶ್ವರಯ್ಯ.

ಕೆಆರ್‌ಎಸ್ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1890ರ ದಶಕದಲ್ಲಿ, ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯೋ ನೀರು ಕೊಟ್ಟದ್ದು ಅವರೇ. ಸಿಂಧೂ ನದಿಯ ನೀರೋ, ಬರೀ ಕೆಸರು. ಸೋಸೋ ಘಟಕ ಕಟ್ಟೋಕೆ ಪುರಸಭೆ ಹತ್ರ ದುಡ್ಡಿಲ್ಲ. ನದಿಪಾತ್ರದಲ್ಲೇ ಬಾವಿ ತೋಡಿಸಿದರು, ಮರಳೇ ನೀರು ಸೋಸಿತು.

1912ರಲ್ಲಿ ಅವರು ಮೈಸೂರಿನ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ. ಆಮೇಲೆ ಬಂತು ಕಠಿಣ ಪ್ರಶ್ನೆ: ಸರ್ಕಾರಿ ನೌಕರಿ ಯಾರಿಗೆ? ಹುದ್ದೆಗಳಲ್ಲಿ ಬ್ರಾಹ್ಮಣರೇ ಹೆಚ್ಚು, ಉಳಿದವರು ಪಾಲು ಕೇಳಿದರು. ಅರ್ಹತೆಯೇ ಅಳತೆ ಅನ್ನೋದು ದಿವಾನರ ನಿಲುವು. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದೇ ವರ್ಷ ದಿವಾನರು ಹುದ್ದೆ ಬಿಟ್ಟರು.

ನೋಡ್ರಿ, ಸಕ್ಕರ್‌ನಲ್ಲಿ ನೀರು ಬಂದರೆ ಊರಿಗೆಲ್ಲ ಬಂತು. ನೌಕರಿ ಹಾಗಲ್ಲ, ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗಿಲ್ಲ. ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡೋ ಕಾನೂನು ತಂದವರೂ ಅವರೇ, ನಿಜ. ಆದರೆ ಆಗಷ್ಟೇ ಶಾಲೆ ಕಂಡ ಮನೆಯ ಹುಡುಗ, ತಲೆಮಾರುಗಳಿಂದ ಓದಿದ ಮನೆಯವನ ಜೊತೆ ಸಮನಾಗಿ ಪೈಪೋಟಿ ಮಾಡೋದು ಹೇಗೆ? ಇಲ್ಲಿ ನಾನು ಮಿಲ್ಲರ್ ಕಡೆ. ನೀವು ಯಾರ ಕಡೆ? ವಾಯ್ಸ್ ನೋಟ್ ಕಳಿಸ್ರಿ.